ಕಪ್ಪೆ ರಜೆ

೬ ಏಪ್ರಿಲ್

ಗೀಟಿಗೆ,

ಈ ಪತ್ರದ ಮೊದಲ ಭಾಗ ನಿನಗಲ್ಲ, ನಿನ್ನ ಕಚೇರಿಯವರಿಗೆ. ಎದ್ದು ನಿಂತು ಗಟ್ಟಿಯಾಗಿ ಓದಿ ಹೇಳು.

ನಾನು ಈ ಊರಿನ ಪೂರ್ವದ ಅಂಚಿನಲ್ಲಿರುವ ಸಸಿ ನರ್ಸರಿಯ ಯಜಮಾನಿ. ಹತ್ತನೇ ತರಗತಿ ಪಾಸಾದವಳು, ಅದೂ ಮೊದಲ ದರ್ಜೆಯಲ್ಲಿ. ನಾನು ಮದುವೆಯಾಗಿ ಬಂದಾಗ ಇಲ್ಲಿ ಒಂದು ಬಾವಿ, ಒಂದು ತಗಡಿನ ಶೆಡ್ಡು ಬಿಟ್ಟರೆ ಏನೂ ಇರಲಿಲ್ಲ. ಇವತ್ತು ಈ ಊರಿನ ಯಾವ ಬೀದಿಯಲ್ಲಿ ನೆರಳಿದ್ದರೂ ಆ ನೆರಳು ನನ್ನ ಗೇಟಿನಿಂದ ಹೊರಟದ್ದು. ಹೋದ ವರ್ಷ ನಿಮ್ಮ ಮೇಲಧಿಕಾರಿ ಇಲ್ಲಿಗೆ ಬಂದು ಹಸಿರಿನ ಬಗ್ಗೆ ಒಂದು ಗಂಟೆ ಭಾಷಣ ಮಾಡಿದರಲ್ಲ, ತಲೆಗೆ ಬಿಸಿಲು ತಾಗದೆ ಮಾತಾಡಿದ್ದು ನನ್ನ ಮರದ ಕೆಳಗೆ ನಿಂತು. ಹನ್ನೆರಡು ಜನ ನನ್ನಲ್ಲಿ ಕೆಲಸ ಮಾಡುತ್ತಾರೆ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು ನನ್ನ ಮಾತು ಮೀರುವುದಿಲ್ಲ. ಮೀರಿದರೂ ನನ್ನ ಕಿವಿಗೆ ಬೀಳದ ಹಾಗೆ ಮೀರುತ್ತಾರೆ. ಅದೂ ಒಂದು ಮರ್ಯಾದೆ.

ಇಂಥ ನಾನು ನಿನ್ನೆ ನಗರಸಭೆಗೆ ಹೋಗಿ, ಮುಂದಿನ ಇಪ್ಪತ್ತು ವರ್ಷದ ನಗರ ಯೋಜನೆ ಎಂದು ನೀವು ಗೋಡೆಗೆ ಅಂಟಿಸಿರುವ ಕರಡು ನಕಾಶೆಯ ಮುಂದೆ ನಿಂತೆ. ನನ್ನ ನರ್ಸರಿ ಇದೆ. ಅದರ ಮೇಲಿನ ಕಲ್ಲುದಿಬ್ಬ ಇದೆ. ಬೇಲಿಯಾಚೆಯ ಇಪ್ಪತ್ತೆಂಟು ಎಕರೆ ಜೌಗು ಇಲ್ಲ. ಅಲ್ಲಿ ಕಂದು ಬಣ್ಣ ಬಳಿದು ‘ಖಾಲಿ ಬಂಜರು’ ಎಂದು ಬರೆದಿದ್ದಾರೆ. ಅದರ ನಟ್ಟನಡುವೆ ಹೊಸ ಹೊರವರ್ತುಲ ರಸ್ತೆ, ರಸ್ತೆಯ ಎರಡೂ ಬದಿಗೆ ಗೋದಾಮು.

ಖಾಲಿಯಂತೆ! ಜೊಂಡು ಖಾಲಿಯೇ? ಅದರಲ್ಲಿ ಗೂಡು ಕಟ್ಟುವ ನೀರುಕೋಳಿ ಖಾಲಿಯೇ? ಆಮೆ, ಏಡಿ, ಮಿಂಚುಳ್ಳಿ, ಸಂಜೆಗೆ ಮೋಡದ ಹಾಗೆ ಏಳುವ ಏರೋಪ್ಲೇನ್ ಚಿಟ್ಟೆ, ಇವೆಲ್ಲ ಬಾಡಿಗೆ ಕರಾರು ತೋರಿಸಬೇಕಿತ್ತೇ? ಮಳೆಗಾಲದಲ್ಲಿ ಅರ್ಧ ಊರಿನ ನೀರು ಕುಡಿದು ಸುಮ್ಮನೆ ಕೂರುವುದು ಆ ಜೌಗು. ಅದಕ್ಕೆ ಮಣ್ಣು ತುಂಬಿದರೆ ಆ ನೀರು ಕೆಳಗಿನ ಬೀದಿಗಳ ಅಡುಗೆಮನೆಗೆ ಬಂದು ಕೂರುತ್ತದೆ.

ಇನ್ನು ನಿನಗೆ. ನಮ್ಮ ಕಪ್ಪೆ ರಜೆಯ ವಿಷಯ ಅವರಿಗೆ ಹೇಳು. ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಕಲ್ಲುದಿಬ್ಬದಿಂದ ಕಪ್ಪೆಗಳು ಇಳಿದು, ನಮ್ಮ ಗೇಟಿನ ಅಡಿಯಿಂದ ನುಸುಳಿ, ನರ್ಸರಿಯ ಉದ್ದಕ್ಕೂ ಕುಪ್ಪಳಿಸಿ ಜೌಗಿಗೆ ಹೋಗುತ್ತವೆಂದು ಹೇಳು. ಆ ಎರಡು ದಿನ ಗಾಡಿ ಒಳಗೆ ಬರುವಂತಿಲ್ಲ, ಕುಂಡ ಎಳೆಯುವಂತಿಲ್ಲ, ಸಂಬಳ ಮಾತ್ರ ಎಂದಿನಂತೆ ಎಂದು ಹೇಳು. ಇದು ಪುಣ್ಯಕ್ಕಲ್ಲ. ಅವು ತಿನ್ನುವ ಹುಳಕ್ಕೆಲ್ಲ ನಾನು ಔಷಧಿ ಹೊಡೆಯುತ್ತ ಕೂತಿದ್ದರೆ ನರ್ಸರಿ ಯಾವತ್ತೋ ಮುಚ್ಚುತ್ತಿತ್ತು. ನನ್ನ ತಂಗಿ ತೀರಿಕೊಂಡ ಮೇಲೆ ಆರು ವರ್ಷದ ನೀನು ಈ ಮನೆಗೆ ಬಂದೆ. ಬಂದ ವರ್ಷವೇ ಗೇಟಿನ ಕಲ್ಲುಕಂಬದ ಪಕ್ಕ ಕೂತು, ದಾಟಿದ ಒಂದೊಂದು ಕಪ್ಪೆಗೂ ಮೊಳೆಯಿಂದ ಒಂದೊಂದು ಗೀಟು ಎಳೆದೆ. ಅದಕ್ಕೇ ನೀನು ಗೀಟಿ. ಆ ಗೀಟುಗಳು ಇನ್ನೂ ಇವೆ.

ನಕಾಶೆ ಬರೆಯುವ ಕಚೇರಿಯಲ್ಲಿ ನಮ್ಮವಳೊಬ್ಬಳು ಇದ್ದಾಳೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಆ ಗೆರೆ ಎಳೆದ ಮುಠ್ಠಾಳ ಯಾರೆಂದು ಪತ್ತೆ ಮಾಡಿ ತಿಳಿಸು.

ದೊಡ್ಡಮ್ಮ

*

೧೪ ಏಪ್ರಿಲ್

ಪ್ರೀತಿಯ ದೊಡ್ಡಮ್ಮನಿಗೆ ನಮಸ್ಕಾರಗಳು.

ಮಂಡಿ ನೋವು ಹೇಗಿದೆ? ಕಳಿಸಿದ ಎಣ್ಣೆ ಹಚ್ಚುತ್ತಿದ್ದೀರಾ, ಅಥವಾ ಗಿಡಗಳಿಗೆ ಕಸಿ ಕಟ್ಟುವ ನಮ್ಮ ಕಸಿಯಜ್ಜನ ಬೆನ್ನಿಗೆ ಕೊಟ್ಟುಬಿಟ್ಟಿರಾ?

ನಿಮ್ಮ ಪತ್ರ ಓದಿದೆ. ಎದ್ದು ನಿಂತು ಓದಲಿಲ್ಲ, ಕ್ಷಮಿಸಿ. ಇಲ್ಲಿ ಹಾಗೆಲ್ಲ ಓದುವ ಪದ್ಧತಿ ಇಲ್ಲ. ಹೊರವರ್ತುಲ ರಸ್ತೆ ಬಂದೇ ಬರುತ್ತದೆ. ದೊಡ್ಡ ಲಾರಿಗಳು ಶಾಲೆಯ ಮುಂದೆ ಓಡಾಡುವುದು ತಪ್ಪಬೇಕು ಎಂದು ನೀವೇ ಎಷ್ಟು ಸಲ ಹೇಳಿದ್ದೀರಿ. ಊರಿನ ಪೂರ್ವದಲ್ಲಿ ಅದು ಎಲ್ಲಿಂದಾದರೂ ಹೋಗಲೇಬೇಕು.

ಒಂದು ಮಾತು ಮಾತ್ರ ನಂಬಿ. ನರ್ಸರಿಯ ಒಂದು ಕುಂಡವೂ ಅಲುಗಾಡುವುದಿಲ್ಲ. ದೊಡ್ಡಪ್ಪ ನೆಟ್ಟ ಮಾವಿನ ಮರದ ಒಂದು ಎಲೆಯೂ ಉದುರುವುದಿಲ್ಲ. ಅದಕ್ಕೆ ನಾನು ಜವಾಬ್ದಾರಿ. ಹಾಗಾಗಿ ದಯವಿಟ್ಟು ಲಿಖಿತ ಆಕ್ಷೇಪಣೆ ಕೊಡಬೇಡಿ. ಒಂದು ಗೆರೆಯನ್ನು ಅಲ್ಲಾಡಿಸಿದರೆ ಅದು ಇನ್ನೆಲ್ಲಿ ಹೋಗಿ ಬೀಳುತ್ತದೆಂದು ಹೇಳಲಾಗದು.

ಅತ್ತಿಗೆಯರಿಗೆ ನನ್ನ ನೆನಪು ತಿಳಿಸಿ.

ಗೀಟಿ

*

೧೭ ಏಪ್ರಿಲ್

ಗೀಟಿಗೆ,

ನಾನು ಜೌಗಿನ ಬಗ್ಗೆ ಕೇಳಿದರೆ ನೀನು ಮಂಡಿಯ ಬಗ್ಗೆ ಬರೆಯುತ್ತೀಯ. ನನ್ನ ಮಂಡಿಯ ಮೇಲೆ ಯಾರೂ ರಸ್ತೆ ಹಾಕುತ್ತಿಲ್ಲ.

ನರ್ಸರಿ ಉಳಿಯುತ್ತದೋ ಎಂದು ನಾನು ಕೇಳಿದೆನೇ? ಕೇಳದ್ದಕ್ಕೆ ಉತ್ತರ, ಕೇಳಿದ್ದಕ್ಕೆ ಮೌನ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನಿನ್ನ ಕಚೇರಿಯವರ ಕಥೆ. ಅವರು ನಿನ್ನ ಬಾಯಿ ಕಟ್ಟಿದ್ದಾರೆಂದು ನನಗೆ ಅರ್ಥವಾಗುತ್ತದೆ. ನೌಕರಿ ಹೋದೀತೆಂಬ ಹೆದರಿಕೆಯೇ? ಹೋದರೆ ಹೋಗಲಿ. ಇಲ್ಲಿ ಹದಿಮೂರನೆಯವಳಾಗಿ ಕುಂಡಕ್ಕೆ ಮಣ್ಣು ತುಂಬು. ಇಷ್ಟಕ್ಕೂ ನಿನ್ನನ್ನು ಓದಿಸಿದ್ದು ತಲೆ ತಗ್ಗಿಸುವುದಕ್ಕಲ್ಲ.

ಫೆಬ್ರವರಿಯಲ್ಲಿ ಬಂದಿದ್ದೆಯಲ್ಲ, ಆಗಲೇ ಒಂದು ಸುಳಿವು ಕೊಟ್ಟಿದ್ದರೆ ಈ ನಕಾಶೆ ಗೋಡೆ ಹತ್ತುವ ಮೊದಲೇ ಹರಿದು ಹಾಕಿಸುತ್ತಿದ್ದೆ. ಆ ದಿನ ನೀನು ಸರಿಯಾಗಿ ಊಟವನ್ನೂ ಮಾಡಲಿಲ್ಲ. ಒಬ್ಬಳೇ ಹಿತ್ತಿಲ ಬೇಲಿಯವರೆಗೆ ಹೋಗಿ ಬಹಳ ಹೊತ್ತು ನಿಂತಿದ್ದೆ. ಊರು ಬಿಟ್ಟವಳಿಗೆ ಊರಿನ ನೆನಪು ಕಾಡುತ್ತಿದೆ ಎಂದುಕೊಂಡು ನಾನೂ ಕೂಗಲಿಲ್ಲ.

ಹೆಸರು ಕೇಳಿದ್ದೆ. ಹೆಸರು ಬೇಕು.

ದೊಡ್ಡಮ್ಮ

*

೨೯ ಏಪ್ರಿಲ್

ದೊಡ್ಡಮ್ಮನಿಗೆ ನಮಸ್ಕಾರ.

ಜ್ವರ ಇತ್ತು, ಅದಕ್ಕೆ ತಡವಾಯಿತು. ಈಗ ಪರವಾಗಿಲ್ಲ.

ಒಂದು ನಕಾಶೆಯನ್ನು ಒಬ್ಬರೇ ಬರೆಯುವುದಿಲ್ಲ, ತಂಡ ಬರೆಯುತ್ತದೆ. ಸ್ಥಳ ಪರಿಶೀಲನೆ ನಡೆದದ್ದು ಬೇಸಿಗೆಯ ಶುರುವಿನಲ್ಲಿ. ಆಗ ಅಲ್ಲಿ ನೀರಿರಲಿಲ್ಲ. ಉಪಗ್ರಹದ ಚಿತ್ರದಲ್ಲೂ ಬಿರುಕುಬಿಟ್ಟ ಮಣ್ಣೇ ಕಾಣುತ್ತಿತ್ತು. ನಿಯಮದ ಪ್ರಕಾರ ಕಂಡದ್ದನ್ನು ಬರೆದಿದ್ದಾರೆ.

ಮತ್ತೆ ಕೇಳಿಕೊಳ್ಳುತ್ತೇನೆ, ಇದನ್ನು ಇಲ್ಲಿಗೇ ಬಿಟ್ಟುಬಿಡಿ.

ಗೀಟಿ

*

೨ ಮೇ

ಗೀಟಿಗೆ,

ಜ್ವರಕ್ಕೆ ಕಷಾಯ ಕುಡಿ. ನಿಯಮಕ್ಕೆ ಏನು ಕುಡಿಸಬೇಕೋ ಅದನ್ನು ನಾನು ಕುಡಿಸುತ್ತೇನೆ.

ಬೇಸಿಗೆಯಲ್ಲಿ ಬಂದು ನೀರಿಲ್ಲ ಎಂದು ಬರೆಯುವುದು, ಮಧ್ಯಾಹ್ನ ಬಂದು ಆಕಾಶದಲ್ಲಿ ನಕ್ಷತ್ರ ಇಲ್ಲ ಎಂದು ಬರೆದ ಹಾಗೆ. ಬಿರುಕಿನ ಒಳಗೆ ಕೈ ಹಾಕಿದ್ದಾರಾ ಆ ಪುಣ್ಯಾತ್ಮರು? ಮೊಣಕೈ ಉದ್ದ ಒಳಗೆ ತಂಪು ಇರುತ್ತದೆ. ಅಲ್ಲಿ ಮಲಗಿರುತ್ತವೆ ಮೀನು, ಆಮೆ ಎಲ್ಲ. ಇದನ್ನು ನಿನಗೆ ಹೇಳಿಕೊಡಬೇಕೇ?

ಇವತ್ತು ಹಿರಿಯವನು ನನ್ನ ಮುಂದೆ ಕೈಕಟ್ಟಿ ನಿಂತು, “ಅಮ್ಮಾ, ನಮ್ಮ ಜಾಗ ಉಳಿದಿದೆಯಲ್ಲ, ಊರ ಉಸಾಬರಿ ನಮಗ್ಯಾಕೆ?” ಎಂದ.

“ನೀನು ಇಷ್ಟು ದಪ್ಪ ಆಗಿರೋದು ಆ ಊರ ಉಸಾಬರಿ ತಿಂದೇ ಕಣೋ,” ಎಂದೆ.

ಕಸಿಯಜ್ಜ ಚಾಕು ಮಸೆಯುತ್ತ ಕೂತಿದ್ದ. “ಸಣ್ಣ ಯಜಮಾನ್ರೇ, ಸುಮ್ನೆ ಒಳಗೆ ಹೋಗಿ. ಅಮ್ಮ ಆಗಲೇ ಕನ್ನಡಕ ಹಾಕ್ಕೊಂಡಾಗಿದೆ,” ಎಂದ.

ಹೌದು, ಕನ್ನಡಕ ಹಾಕಿಕೊಂಡಾಗಿದೆ. ಆಕ್ಷೇಪಣೆಗೆ ಈ ತಿಂಗಳ ಕೊನೆಯವರೆಗೆ ಸಮಯ ಇದೆಯಂತೆ. ಸಾಕ್ಷಿ ಬೇಕಂತೆ. ಗೇಟಿನ ಕಂಬಕ್ಕೆ ಕಾಗದ ಹಚ್ಚಿ ಇದ್ದಿಲು ಉಜ್ಜಿ ನಿನ್ನ ಗೀಟುಗಳನ್ನೆಲ್ಲ ಎತ್ತಿಕೊಂಡಿದ್ದೇನೆ. ನೀನು ಓದಲು ಹೋದ ಮೇಲಿನವು ಕಸಿಯಜ್ಜ ಎಳೆದವು, ಸ್ವಲ್ಪ ಸೊಟ್ಟ. ಇಪ್ಪತ್ತಾರು ಮಳೆಗಾಲ, ಮೂವತ್ತೊಂದು ಹಾಳೆ. ನಿನ್ನ ಉಪಗ್ರಹದ ಹತ್ತಿರ ಇಂಥದ್ದು ಇದೆಯೇ ಕೇಳು.

ನೀನು ಒಂದು ಕೆಲಸ ಮಾಡು. ಆಕ್ಷೇಪಣೆಯನ್ನು ಕಾನೂನಿನ ಭಾಷೆಯಲ್ಲಿ ಬರೆದು ಕಳಿಸು. ಸಹಿ ನನ್ನದೇ ಇರುತ್ತದೆ, ನಿನ್ನ ಹೆಸರು ಎಲ್ಲೂ ಬರುವುದಿಲ್ಲ. ದೊಡ್ಡಮ್ಮ ನಿನ್ನನ್ನು ಸಿಕ್ಕಿಹಾಕಿಸುವವಳಲ್ಲ.

ದೊಡ್ಡಮ್ಮ

*

೧೨ ಮೇ

ಗೀಟಿಗೆ,

ಹತ್ತು ದಿನವಾಯಿತು. ಮತ್ತೆ ಜ್ವರವೇ? ಒಂದು ಸಾಲು ಬರೆ.

ದೊಡ್ಡಮ್ಮ

*

೨೧ ಮೇ

ಸ್ಥಳ ಪರಿಶೀಲನಾ ಅಧಿಕಾರಿಗಳ ಸನ್ನಿಧಾನಕ್ಕೆ,

ನಿನ್ನೆ ಮೂವತ್ತೊಂದು ಹಾಳೆ ಸುರುಳಿ ಸುತ್ತಿಕೊಂಡು ನಗರಸಭೆಗೆ ಹೋದೆ. ಮೇಲಿನ ಮಹಡಿಯಲ್ಲಿ ಫ್ಯಾನು ಟಕಟಕ ಎನ್ನುವ ಕೋಣೆ. ಅಲ್ಲಿನ ಸರ್ವೆಯವನು ಒಳ್ಳೆಯ ಮನುಷ್ಯ, ಮಗಳ ಮದುವೆಗೆ ನನ್ನ ಹತ್ತಿರವೇ ಹೂವಿನ ಕುಂಡ ಒಯ್ದಿದ್ದ. ಕುರ್ಚಿ ಕೊಟ್ಟ. ನಾನು ಕೂರಲಿಲ್ಲ. ಗೆರೆ ಎಳೆದ ಮುಠ್ಠಾಳನ ಹೆಸರು ಹೇಳು ಎಂದೆ.

ಅವನು ನಕ್ಕ. “ಅಮ್ಮಾ, ಅವರನ್ನ ಬೈಬೇಡಿ. ನಿಮ್ಮ ಮೇಲೆ ಅಷ್ಟು ಪ್ರೀತಿ ಇರೋರು ಇನ್ನೊಬ್ಬರು ಸಿಗಲ್ಲ.”

“ಯಾರಪ್ಪ ಆ ಪ್ರೀತಿಯವನು?”

“ಅವನಲ್ಲ, ಅವಳು. ಮೊದಲನೇ ನಕಾಶೆಲಿ ರಸ್ತೆ ನಿಮ್ಮ ನರ್ಸರಿ ಮೇಲೇ ಹೋಗ್ತಿತ್ತು. ಸರಿಯಾಗಿ ಆ ಮಾವಿನ ಮರದ ಮೇಲೆ. ಹೆಡ್ ಆಫೀಸಿಂದ ಒಬ್ರು ಮೇಡಂ ಬಂದು, ಪರಿಶೀಲನೆ ಮಾಡಿ, ಆ ಕಡೆ ಜೌಗಲ್ಲ ಬಂಜರು ಅಂತ ಬರೆದು, ಗೆರೇನ ಅತ್ತ ಸರಿಸಿದ್ರು. ನಿಮ್ಮ ಸಂಬಂಧಿಕರೇ ಅಂತೆ. ನಿಮಗೆ ಗೊತ್ತಿಲ್ವಾ?”

ಗೊತ್ತಿದೆ ಎಂದೆ. ಅವನ ಮುಂದೆ ಇನ್ನೇನು ಹೇಳಲಿ? ನಾನು ಬದುಕಿನಲ್ಲಿ ಹೇಳಿದ ಸುಳ್ಳುಗಳು ಕಡಿಮೆ. ಅದರಲ್ಲಿ ಒಂದನ್ನು ನೀನು ಹೇಳಿಸಿದೆ.

ಅವನು ಕಡತ ತೆಗೆದು ತೋರಿಸಿದ. ನಿನ್ನ ಸಹಿ. ಫೆಬ್ರವರಿ ಹನ್ನೆರಡು. ನೀನು ನನ್ನ ಅಡುಗೆಮನೆಯಲ್ಲಿ ಕೂತು, “ಬೇರೆ ಕೆಲಸಕ್ಕೆ ಬಂದಿದ್ದೆ ದೊಡ್ಡಮ್ಮ, ಹಾಗೇ ಇಣುಕಿದೆ,” ಎಂದ ದಿನ. ಚೀಲದಲ್ಲಿ ಅಳತೆಯ ಟೇಪು ಇಟ್ಟುಕೊಂಡು ನನ್ನ ತಟ್ಟೆಯಲ್ಲಿ ಉಂಡೆ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ. ಕೈತೊಳೆದು ನೇರ ಬೇಲಿಯ ಹತ್ತಿರ ಹೋದೆ. ಊರಿನ ನೆನಪು ಎಂದುಕೊಂಡೆನಲ್ಲ, ನಾನೆಂಥ ದಡ್ಡಿ!

ಕಪ್ಪೆಯ ಲೆಕ್ಕ ಬರೆಯುತ್ತಿದ್ದವಳು ನೀನು. ಬಿರುಕಿನೊಳಗೆ ಕೈ ಹಾಕಿ, “ದೊಡ್ಡಮ್ಮಾ, ಇಲ್ಲೇನೋ ಉಸಿರಾಡ್ತಿದೆ,” ಎಂದು ಕೂಗಿದವಳು ನೀನು. ಗೊತ್ತಿಲ್ಲದವನು ಬಂಜರು ಎಂದು ಬರೆದರೆ ಅವನಿಗೆ ಬುದ್ಧಿ ಕಲಿಸಬಹುದು. ನಿನಗೆ ನಾನು ಇನ್ನೇನು ಕಲಿಸಲಿ?

ಯಾರು ಕೇಳಿದ್ದರು ನಿನ್ನನ್ನು? ನನ್ನ ಹೆಸರಿನಲ್ಲಿ, ನನ್ನನ್ನು ಕೇಳದೆ, ಬಾಯಿಲ್ಲದ ಜೀವಗಳ ಮನೆಯನ್ನು ಬರೆದುಕೊಡಲು ನಿನಗೆ ಅಧಿಕಾರ ಕೊಟ್ಟವರು ಯಾರು? ಇನ್ನು ಮೂರು ತಿಂಗಳಿಗೋ ಆರು ತಿಂಗಳಿಗೋ ಊರೆಲ್ಲ ಹೇಳುತ್ತದೆ, ನರ್ಸರಿಯಮ್ಮ ತನ್ನ ಮರ ಉಳಿಸಿಕೊಳ್ಳಲು ತಂಗಿಯ ಮಗಳ ಕೈಯಿಂದ ಜೌಗು ನುಂಗಿಸಿದಳು ಎಂದು. ಹೇಳಲಿ. ಅದು ಸುಳ್ಳು ಎಂದು ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ?

ಹಾಳೆಗಳನ್ನು ಕೊಡದೆ ವಾಪಸ್ ತಂದೆ. ಗೇಟಿಗೆ ಬಂದಾಗ ಕಂಬದ ಕಡೆ ನೋಡಲಾಗಲಿಲ್ಲ.

ಈ ಮನೆಗೆ ಬರಬೇಡ.

*

೨೬ ಮೇ

ದೊಡ್ಡಮ್ಮ,

ನೀವು ಸಹಿ ಹಾಕದೆ ಕಳಿಸಿದ ಮೊದಲ ಪತ್ರ ಇದು. ಹನ್ನೊಂದು ಸಲ ಓದಿದೆ.

ಹೌದು, ನಾನೇ. ಮೊದಲ ನಕಾಶೆ ನನ್ನ ಮೇಜಿಗೆ ಬಂದಾಗ ಕೆಂಪು ಗೆರೆ ನಿಮ್ಮ ಬಾವಿಯ ಮೇಲೆ ಹಾದು, ಮಾವಿನ ಮರ ದಾಟಿ, ಗೇಟಿನ ಕಂಬದ ಮೇಲಿಂದ ಹೊರಬೀಳುತ್ತಿತ್ತು. ಆ ಮರದ ಕೆಳಗೆ ನನಗೆ ಅಕ್ಷರ ಕಲಿಸಿದಿರಿ. ಅಮ್ಮ ಸತ್ತ ವರ್ಷ ನಾನು ಮನೆಯೊಳಗೆ ಮಲಗಲು ಹೆದರುತ್ತೇನೆಂದು ಅದರ ಕೆಳಗೇ ನನ್ನ ಪಕ್ಕ ಮಲಗಿದಿರಿ. ಅದರ ಮೇಲೆ ಸಹಿ ಹಾಕಬೇಕಿತ್ತು ನಾನು. ಆಗಲಿಲ್ಲ. ಮೇಲಧಿಕಾರಿ, “ಬೇರೆ ದಾರಿ ಇದ್ದರೆ ತೋರಿಸು,” ಎಂದರು. ಇರಲಿಲ್ಲ. ಜೌಗನ್ನು ಬಂಜರೆಂದು ಬರೆದು ನಾನೇ ಒಂದು ದಾರಿ ಮಾಡಿದೆ. ತಪ್ಪು ಎಂದು ಆ ದಿನವೂ ಗೊತ್ತಿತ್ತು, ಅದಕ್ಕೇ ಊಟ ಸೇರಲಿಲ್ಲ.

ಆದರೆ ನನಗೂ ಸಿಟ್ಟಿದೆ ದೊಡ್ಡಮ್ಮ. ಒಂದು ಮಾತು ಕೇಳುತ್ತೇನೆ, ಬೈಯಿರಿ, ಆದರೆ ಉತ್ತರ ಕೊಡಿ. ನನಗೆ ಒಂಬತ್ತು ವರ್ಷವಾಗಿದ್ದ ಬೇಸಿಗೆಯಲ್ಲಿ ಹಿತ್ತಿಲ ಬೇಲಿ ಬದಲಾಯಿಸಿದಿರಿ. ಹೊಸ ಶೆಡ್ಡಿಗೆ ಜಾಗ ಸಾಲದಿತ್ತು. ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು, “ಹೋಗು, ಇನ್ನೂ ಹೋಗು, ಅಲ್ಲಿ ನಿಲ್ಲು,” ಎಂದಿರಿ. ನಾನು ಒಣಗಿದ ಜೊಂಡಿನ ಮೇಲೆ ನಿಂತಿದ್ದೆ. ಹಳೆಯ ಬೇಲಿಯಿಂದ ಹದಿನೈದು ಅಡಿ. “ದೊಡ್ಡಮ್ಮಾ, ಇದು ಕಪ್ಪೆಗಳದ್ದಲ್ವಾ?” ಎಂದೆ. ನೀವು ಏನೆಂದಿರಿ ನೆನಪಿದೆಯೇ? “ಈಗ ನೀರಿಲ್ಲ ಕಣೇ, ಖಾಲಿಯೇ ಇದೆ. ಮೊದಲು ನಮ್ಮದು, ಆಮೇಲೆ ಊರಿನದು.”

ನಾನು ಜೀವನದಲ್ಲಿ ಮಾಡಿದ ಮೊದಲ ಅಳತೆ ಅದು. ಕಂಡದ್ದನ್ನು ಖಾಲಿ ಎಂದು ಬರೆಯುವುದನ್ನು ಯಾವ ಕಾಲೇಜೂ ನನಗೆ ಕಲಿಸಲಿಲ್ಲ.

ಬರಬೇಡ ಎಂದಿದ್ದೀರಿ. ಬರುವುದಿಲ್ಲ.

ಗೀಟಿ

*

೧೧ ಜೂನ್

ಗೀಟಿಗೆ,

ನಿನ್ನ ಪತ್ರ ಓದಿ ಒಲೆಗೆ ಹಾಕಲು ಎದ್ದೆ. ನನ್ನ ಎದುರು ಹೀಗೆ ಮಾತಾಡಿದವರು ಈ ಮನೆಯಲ್ಲಿ ಯಾರೂ ಇಲ್ಲ. ನಿನ್ನ ದೊಡ್ಡಪ್ಪನೂ ಮಾತಾಡಿರಲಿಲ್ಲ. ಒಂದಿಡೀ ದಿನ ಊಟ ಬಿಟ್ಟು ಶೆಡ್ಡಿನಲ್ಲೇ ಕೂತೆ. ಕಿರಿಯ ಸೊಸೆ ಡಾಕ್ಟರನ್ನು ಕರೆಸಲೇ ಎಂದಳಂತೆ. “ಡಾಕ್ಟರ ಆರೋಗ್ಯ ನೋಡ್ಕೊಳ್ಳೋರು ಯಾರು?” ಎಂದು ಕಸಿಯಜ್ಜ ತಡೆದನಂತೆ.

ಒಲೆಗೆ ಹಾಕಲಿಲ್ಲ. ಸುಳ್ಳಾಗಿದ್ದರೆ ಹಾಕುತ್ತಿದ್ದೆ. ಆದರೆ ನಿನ್ನ ಅಳತೆ ತಪ್ಪು. ಟೇಪಿನ ಆ ತುದಿ ನಿನ್ನ ಕೈಯಲ್ಲಿತ್ತು, ಅಂಕಿ ಕಾಣುತ್ತಿದ್ದ ತುದಿ ನನ್ನ ಕೈಯಲ್ಲಿತ್ತು. ಹದಿನೈದಲ್ಲ, ಹದಿನೇಳೂವರೆ. ಈ ಇಪ್ಪತ್ತಮೂರು ವರ್ಷ ನಾನು ಅದನ್ನು ಮರೆತಿರಲಿಲ್ಲ, ಮರೆತವಳ ಹಾಗೆ ಇದ್ದೆ. ಆ ಪತ್ರದಲ್ಲಿ ನಿನ್ನ ಮೇಲೆ ಅಷ್ಟು ಕೂಗಿದ್ದು ಇದಕ್ಕೇ ಇರಬೇಕು. ಕ್ಷಮೆ ಕೇಳುವುದು ನನಗೆ ಅಭ್ಯಾಸವಿಲ್ಲ. ಮಾಡಿದ್ದನ್ನು ಹೇಳುತ್ತೇನೆ, ಕೇಳು.

ಮೇ ಇಪ್ಪತ್ತೊಂಬತ್ತಕ್ಕೆ ಹಿತ್ತಿಲ ಬೇಲಿ ಕೀಳಿಸಿದೆ. ಶೆಡ್ಡು ಬಿಚ್ಚಿಸಿದೆ. ನೆಲಕ್ಕೆ ಹಾಕಿದ್ದ ಸಿಮೆಂಟು ಒಡೆಸಿ ಎತ್ತಿಸಿದೆ. ಹದಿನೇಳೂವರೆ ಅಡಿ ಹಿಂದೆ ಸರಿದು ನಿಂತೆವು.

ಮೂವತ್ತಕ್ಕೆ ನಗರಸಭೆಗೆ ಹೋದೆ. ಈ ಸಲ ಕುರ್ಚಿಯಲ್ಲಿ ಕೂತೆ. ಜೌಗಿನ ಮೇಲೆ ಎಳೆದ ಗೆರೆಗೆ ಆಕ್ಷೇಪಣೆ ಕೊಟ್ಟೆ, ಮೂವತ್ತೊಂದು ಹಾಳೆ ಸಾಕ್ಷಿ ಸಮೇತ. ಅದರ ಜೊತೆಗೇ ಇನ್ನೊಂದು ಕಾಗದ. ಮೊದಲ ನಕಾಶೆಯ ರಸ್ತೆಗೆ ನನ್ನ ನರ್ಸರಿಯ ಜಾಗ ಬಿಟ್ಟುಕೊಡಲು ಒಪ್ಪಿಗೆ. ಷರತ್ತು ಎರಡೇ. ಜೌಗು, ಕಲ್ಲುದಿಬ್ಬ ಎರಡನ್ನೂ ನಕಾಶೆಯಲ್ಲಿ ಮುಟ್ಟಬಾರದ ಜಾಗವೆಂದು ಗುರುತಿಸಬೇಕು. ಗೇಟಿನಿಂದ ಹಿತ್ತಿಲವರೆಗೆ ರಸ್ತೆ ಕಂಬಗಳ ಮೇಲೆ ಹೋಗಬೇಕು, ಅಡಿಯಲ್ಲಿ ಕಪ್ಪೆಯ ದಾರಿ ತೆರೆದಿರಬೇಕು. ಷರತ್ತು ತಪ್ಪಿದರೆ ಒಪ್ಪಿಗೆ ರದ್ದು ಎಂದು ಕೊನೆಯ ಸಾಲು. ಕಾನೂನಿನ ಭಾಷೆ ನೀನು ಕಳಿಸಲಿಲ್ಲ, ಹತ್ತನೇ ತರಗತಿಯ ಭಾಷೆಯಲ್ಲೇ ಬರೆದೆ. ಸರ್ವೆಯವನು ಎರಡು ಸಲ ಓದಿ, “ಅಮ್ಮಾ, ಯೋಚನೆ ಮಾಡಿದೀರಾ? ಮನೆಯವರೆಲ್ಲ ಒಪ್ಪಿದಾರಾ?” ಎಂದ. “ಜಾಗ ನನ್ನ ಹೆಸರಲ್ಲಿದೆ, ನೀನು ಮೊಹರು ಒತ್ತು,” ಎಂದೆ. ಒತ್ತಿದ.

ಹಿರಿಯವನು ಕೂಗಾಡಿದ. ಕೂಗಾಡಿ ಮುಗಿಸಿ, ಊರಾಚೆಯ ಮುಚ್ಚಿದ ಇಟ್ಟಿಗೆ ಭಟ್ಟಿಯ ಅಂಗಳವನ್ನು ಗೇಣಿಗೆ ಗೊತ್ತು ಮಾಡಿಕೊಂಡು ಬಂದ. ನನ್ನ ಮಗನೇ, ಅನುಮಾನವಿಲ್ಲ. ಹನ್ನೆರಡು ಜನರಲ್ಲಿ ಒಬ್ಬರನ್ನೂ ಕೆಲಸದಿಂದ ತೆಗೆಯಲಿಲ್ಲ. ಕುಂಡಗಳು ಅಲ್ಲಿಗೆ ಹೋಗುತ್ತಿವೆ.

ಇನ್ನು ಮರ. ನೀನು ಇದನ್ನು ಕೂತು ಓದು.

ನಿನ್ನ ಕಚೇರಿಯಿಂದ ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬಂತು. ಅದರ ಅರ್ಥ ನನಗೆ ಗೊತ್ತು. ಕಡತ ಮತ್ತೆ ನಿನ್ನ ಮೇಜಿಗೆ ಬರುತ್ತದೆ. ಆ ಮರ ನಿಂತಿರುವವರೆಗೆ ನೀನು ಅದರ ಮೇಲೆ ಸಹಿ ಹಾಕುವುದಿಲ್ಲ, ಗೆರೆ ಮತ್ತೆ ಜೌಗಿನ ಕಡೆ ಹೋಗುತ್ತದೆ. ಆದ್ದರಿಂದ ಜೂನ್ ಮೂರಕ್ಕೆ ಅದರಿಂದ ಇನ್ನೂರ ನಲವತ್ತು ಕಸಿಕಡ್ಡಿ ತೆಗೆಸಿದೆ. ಕಸಿಯಜ್ಜ ಎರಡು ದಿನ ಊಟಕ್ಕೂ ಸರಿಯಾಗಿ ಏಳದೆ ಎಲ್ಲವನ್ನೂ ಸಣ್ಣ ಗಿಡಗಳಿಗೆ ಕಟ್ಟಿದ. ಆರಕ್ಕೆ ಕೊಡಲಿ ತರಿಸಿದೆ. “ಇದಕ್ಕೆ ಕೊಡಲಿ ಹಾಕೋ ಕೈ ನಂದಲ್ಲಮ್ಮ,” ಎಂದ ಕಸಿಯಜ್ಜ. “ಹಾಗಾದ್ರೆ ಪಕ್ಕಕ್ಕೆ ನಿಲ್ಲು,” ಎಂದೆ. ಮೊದಲ ಏಟು ನಾನೇ ಹಾಕಿದೆ. ಯಂತ್ರ ಬಂದು ಅದನ್ನು ಮುಟ್ಟುವುದು ನನಗೆ ಬೇಕಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಲಗಿತು. ಅಳು ಬರಲಿಲ್ಲ, ಸಿಟ್ಟು ಬಂತು. ಇನ್ನೂ ಇದೆ. ನಿನ್ನ ಮೇಲೆ, ನಿನ್ನ ಕಚೇರಿಯ ಮೇಲೆ, ಟೇಪು ಹಿಡಿದಿದ್ದ ನನ್ನ ಕೈಯ ಮೇಲೆ.

ಮೊನ್ನೆ ಒಂಬತ್ತಕ್ಕೆ ಮಳೆ ಬಂತು. ಗೇಟು ಮುಚ್ಚಿ ಗಾಡಿಗಳನ್ನು ಹೊರಗೇ ನಿಲ್ಲಿಸಿ ರಜೆ ಕೊಟ್ಟೆ. ನಾನು ಕಂಬದ ಪಕ್ಕ ಸ್ಟೂಲು ಹಾಕಿಕೊಂಡು ಮೊಳೆ ಹಿಡಿದು ಕೂತೆ. ನಾನೂರ ಹನ್ನೆರಡು. ಕೊನೆಯವುಗಳ ಹಿಂದೆ ನಾನೂ ಹಿತ್ತಿಲವರೆಗೆ ನಡೆದೆ. ಬೇಲಿ ಇದ್ದ ಜಾಗಕ್ಕೆ ಬಂದಾಗ ಅವು ಒಂದು ಕ್ಷಣ ತಡೆದವು, ಅಭ್ಯಾಸ ಇರಬೇಕು. ಆಮೇಲೆ ಹೋದವು.

ಬರಬೇಡ ಎಂದಿದ್ದೆ. ಬರುವುದಾದರೆ ಮಳೆಯಲ್ಲಿ ಬಾ. ಬೇಸಿಗೆಯಲ್ಲಿ ನಿನ್ನ ಮುಖ ತೋರಿಸಬೇಡ.

ಕಡತ ನಿನ್ನ ಮೇಜಿಗೆ ಬಂದಾಗ ಹೆದರಬೇಡ. ಅಲ್ಲೀಗ ಮರ ಇಲ್ಲ. ಗೆರೆ ಎಳೆ.

ದೊಡ್ಡಮ್ಮ